ಐದು ಬೆರಳಿನ ರೋಬೋಟ್ ಕೈ: ಈಗಲೇ ಕೊಳ್ಳೋದಾ, ಇನ್ನೂ ಕಾಯೋದಾ?

ಪ್ರಶ್ನೆ: ಡಾಕ್ಟರೇ, ನನ್ನ ಅಣ್ಣನಿಗೆ 29 ವರ್ಷ. ಏಳು ತಿಂಗಳ ಹಿಂದೆ ಯಂತ್ರಕ್ಕೆ ಸಿಕ್ಕಿ ಬಲಗೈ ಹೋಯಿತು. ಮೊಣಕೈ ಉಳಿದಿದೆ, ಅದರ ಕೆಳಗೆ ಮುಂಗೈ ಅರ್ಧದಷ್ಟು ಇದೆ. ಗಾಯ ಪೂರ್ತಿ ಮಾಗಿದೆ. ಆದರೆ ರಾತ್ರಿ ಹೊತ್ತು ಇಲ್ಲದ ಬೆರಳುಗಳು ಉರಿಯುತ್ತವೆ ಅಂತಾನೆ. ಮನೆಯಲ್ಲಿ ಎಲ್ಲರೂ ಅದು ಮನಸ್ಸಿನ ಭ್ರಮೆ ಅಂತಾರೆ. ಯೋಚನೆ ಮಾಡಿದರೆ ಸಾಕು ಆಡುವ ರೋಬೋಟ್ ಕೈಗಳ ವಿಡಿಯೋ ನೋಡಿದ್ದೇವೆ. ಒಂದು ಕಂಪನಿಯವರು ಐದೂ ಬೆರಳು ಆಡುವ ಕೈ ತೋರಿಸಿದರು. ಅದಕ್ಕೆ ಸಾಲ ಮಾಡಲೇಬೇಕು. ಅಣ್ಣ ಮಾತ್ರ "ಇನ್ನೈದು ವರ್ಷ ಕಾದರೆ ಮೆದುಳಿನಿಂದಲೇ ನಡೆಯುವ ಕೈ ಬರುತ್ತೆ, ಅಲ್ಲಿವರೆಗೆ ಏನೂ ಬೇಡ" ಅಂತಾನೆ. ಅಪ್ಪ "ಈ ಸಂಶೋಧನೆ ಎಲ್ಲ ಸುದ್ದಿಗೆ ಮಾತ್ರ, ನಮ್ಮಂಥವರ ಕೈಗೆ ಏನೂ ಬರೋದಿಲ್ಲ" ಅಂತಾರೆ. ಮೂಳೆಗೇ ಲೋಹ ಸೇರಿಸಿ ಕೈ ಕೂರಿಸುವ ಆಪರೇಷನ್ ಬಗ್ಗೆಯೂ ಯಾರೋ ಹೇಳಿದರು. ನಾವು ಏನು ಮಾಡಬೇಕು?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊಳ್ಳೋದಾ ಕಾಯೋದಾ ಅಂತ ಕೇಳಿದ್ದೀರಿ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಬೇರೆ ಅನ್ನಿಸಿತು. ಸಾಲ ಮಾಡಿ ತಂದ ಕೈ ಮೂರು ತಿಂಗಳಿಗೆ ಬೀರು ಸೇರಿದರೆ ಏನು ಗತಿ? ಈಗ ಕೊಂಡು, ಮುಂದಿನ ವರ್ಷವೇ ಇದಕ್ಕಿಂತ ಒಳ್ಳೆಯದು ಬಂದರೆ? ಎರಡೂ ಬರಬೇಕಾದ ಭಯವೇ. ನಾನು ಕೈಕಾಲು ಕಳೆದುಕೊಂಡವರ ಪುನರ್ವಸತಿಯಲ್ಲಿ ಬಹಳ ವರ್ಷಗಳಿಂದ ಇದ್ದೇನೆ, ಈ ಭಯ ಇಲ್ಲದ ಒಂದು ಮನೆಯನ್ನೂ ನೋಡಿಲ್ಲ.

ಮೊದಲು ಎರಡು ಮಾತು ಹೇಳಿಬಿಡುತ್ತೇನೆ, ಉಳಿದದ್ದು ನಿಧಾನಕ್ಕೆ ಓದಿ. ಒಂದು, ಅಣ್ಣ ಐದು ವರ್ಷ ಏನೂ ಹಾಕದೆ ಕಾಯುವುದು ಬೇಡ. ಎರಡು, ಅವರ ನೋವು ಭ್ರಮೆ ಅಲ್ಲ. ದಯವಿಟ್ಟು ಮನೆಯಲ್ಲಿ ಯಾರೂ ಇನ್ನು ಮುಂದೆ ಹಾಗೆ ಹೇಳಬೇಡಿ.

ನೋವಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ಅದಕ್ಕೆ ಎರಡೇ ಸಾಲು ಸಿಕ್ಕಿದೆ, ನನಗೆ ಅದೇ ಮೊದಲ ವಿಷಯ. ಕೈ ಹೋದರೂ ಮೆದುಳಿನಲ್ಲಿ ಆ ಕೈಗೆ ಮೀಸಲಾಗಿದ್ದ ಜಾಗ ಹೋಗಿರುವುದಿಲ್ಲ. ಬೆರಳಿನಿಂದ ಸುದ್ದಿ ತರುತ್ತಿದ್ದ ನರಗಳೂ ಇನ್ನೂ ಇವೆ, ಮುಂಗೈಯ ಮಧ್ಯದಲ್ಲಿ ತುಂಡಾಗಿ ನಿಂತಿವೆ ಅಷ್ಟೇ. ತುಂಡಾದ ನರ ಸುಮ್ನೆ ಇರುವುದಿಲ್ಲ. ಮತ್ತೆ ಬೆಳೆಯಲು ನೋಡುತ್ತದೆ, ಹೋಗಲು ದಾರಿ ಸಿಗದಿದ್ದಾಗ ಅಲ್ಲೇ ಸುರುಳಿ ಸುತ್ತಿ ಗಂಟಾಗುತ್ತದೆ. ಆ ಗಂಟಿನಿಂದ ಹೊರಡುವ ಸಂಕೇತವನ್ನು ಮೆದುಳು ಬೆರಳಿನಿಂದ ಬಂದದ್ದು ಅಂತಲೇ ಓದಿಕೊಳ್ಳುತ್ತದೆ. ಅದಕ್ಕೇ ಇಲ್ಲದ ಬೆರಳು ಉರಿಯುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ನೋಡಿಕೊಂಡ ವೈದ್ಯ ಸೈಲಸ್ ವಿಯರ್ ಮಿಚೆಲ್ 1870ರ ದಶಕದ ಶುರುವಿನಲ್ಲೇ ಇದನ್ನು ವಿವರವಾಗಿ ಬರೆದು ಹೆಸರಿಟ್ಟಿದ್ದರು. ಅಂದರೆ ನೂರೈವತ್ತು ವರ್ಷಗಳಿಂದ ವೈದ್ಯರಿಗೆ ಗೊತ್ತಿರುವ ನೋವನ್ನು ನಿಮ್ಮ ಅಣ್ಣ ಒಬ್ಬರೇ ಹೊತ್ತುಕೊಂಡು ಮಲಗುತ್ತಿದ್ದಾರೆ.

ಇದಕ್ಕೆ ದಾರಿಗಳಿವೆ. ನರದ ನೋವಿಗೆಂದೇ ಇರುವ ಔಷಧಗಳಿವೆ. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ಕೇಳುವುದಿಲ್ಲ. ಕನ್ನಡಿ ಚಿಕಿತ್ಸೆ ಇದೆ. 1990ರ ದಶಕದಲ್ಲಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಇದನ್ನು ತೋರಿಸಿಕೊಟ್ಟರು. ಇರುವ ಕೈಯನ್ನು ಕನ್ನಡಿ ಮುಂದೆ ಆಡಿಸುತ್ತಾ, ಕನ್ನಡಿಯಲ್ಲಿ ಕಾಣುವುದು ಹೋದ ಕೈ ಅಂತ ನೋಡುತ್ತಾ ಹೋಗುವುದು. ಎಲ್ಲರಿಗೂ ಕೆಲಸ ಮಾಡುತ್ತೆ ಅಂತ ಹೇಳಲಾರೆ, ಆದರೆ ಖರ್ಚಿಲ್ಲ, ಅಪಾಯ ಕಡಿಮೆ, ಥೆರಪಿಸ್ಟ್ ಹತ್ತಿರ ಒಂದು ಸಲ ಕಲಿತರೆ ಮನೆಯಲ್ಲೇ ಮಾಡಬಹುದು. ಇನ್ನೊಂದು ಮುಖ್ಯ ವಿಷಯ. ಕೈ ತುದಿಯಲ್ಲಿ ಒಂದು ಜಾಗ ಒತ್ತಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತಾ ಅಂತ ಅಣ್ಣನನ್ನು ಕೇಳಿ. ಹಾಗಿದ್ದರೆ ಅದು ನರದ ಗಂಟು ಇರಬಹುದು. ಆ ಗಂಟಿನ ಮೇಲೆ ಕೃತಕ ಕೈ ಒತ್ತಿ ಕೂತರೆ, ಅದು ಎಷ್ಟೇ ಒಳ್ಳೆಯ ಕೈಯಾಗಲಿ, ಅವರು ಹಾಕಿಕೊಳ್ಳುವುದಿಲ್ಲ. ಹಾಗಾಗಿ ನೋವನ್ನು ನೋಡದೆ ಕೈ ಕೊಳ್ಳುವ ಮಾತೇ ಬೇಡ.

ಈಗ ಅಪ್ಪನ ಮಾತಿಗೆ ಸಂಬಂಧಪಟ್ಟ ಒಂದು ಕಥೆ ಹೇಳಬೇಕು. 2000ರ ದಶಕದ ಮೊದಲಲ್ಲಿ ಶಿಕಾಗೋದಲ್ಲಿ ವೈದ್ಯ ಟಾಡ್ ಕೈಕೆನ್ ಮತ್ತು ಶಸ್ತ್ರಚಿಕಿತ್ಸಕ ಗ್ರೆಗರಿ ಡ್ಯುಮೇನಿಯನ್ ಒಂದು ಹೊಸ ಆಪರೇಷನ್ ಶುರು ಮಾಡಿದರು. ಭುಜದಿಂದಲೇ ಕೈ ಹೋದವರಲ್ಲಿ, ಹಿಂದೆ ಕೈಗೆ ಹೋಗುತ್ತಿದ್ದ ನರಗಳನ್ನು ಎದೆಯ ಸ್ನಾಯುಗಳಿಗೆ ತಿರುಗಿಸಿ ಹೊಲಿಯುವುದು. ಕೈ ಮುಚ್ಚಬೇಕು ಅಂದುಕೊಂಡರೆ ಎದೆಯ ಆ ಭಾಗದ ಸ್ನಾಯು ಬಿಗಿಯುತ್ತದೆ, ಅದರ ವಿದ್ಯುತ್ ಸಂಕೇತ ಹಿಡಿದು ರೋಬೋಟ್ ಕೈ ಆಡಿಸಬಹುದು. ಉದ್ದೇಶ ಇದ್ದದ್ದು ರೋಬೋಟ್ ಕೈಗೆ. ಆದರೆ ಆಪರೇಷನ್ ಆದವರಲ್ಲಿ ನರದ ಗಂಟಿನ ನೋವು ಕಡಿಮೆ ಇರುವುದು ಕಣ್ಣಿಗೆ ಬಿತ್ತು. ನರಕ್ಕೆ ಹೋಗಲು ಒಂದು ಸ್ನಾಯು ಸಿಕ್ಕಿತಲ್ಲ, ಅದು ಗಂಟಾಗಲಿಲ್ಲ. 2019ರಲ್ಲಿ 28 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದ ಫಲಿತಾಂಶ ಬಂತು. ಹಳೆಯ ರೀತಿಯ ಆಪರೇಷನ್ ಆದವರಿಗಿಂತ ಹೀಗೆ ನರ ತಿರುಗಿಸಿ ಹೊಲಿಸಿಕೊಂಡವರಲ್ಲಿ ಇಲ್ಲದ ಅಂಗದ ನೋವು ಜಾಸ್ತಿ ಇಳಿದಿತ್ತು. ಸಣ್ಣ ಪ್ರಯೋಗ ನಿಜ. ಆದರೂ ಇವತ್ತು ರೋಬೋಟ್ ಕೈಯ ಯೋಚನೆಯೇ ಇಲ್ಲದವರಿಗೂ ನೋವಿಗಾಗಿ ಈ ಆಪರೇಷನ್ ಮಾಡುತ್ತಾರೆ. ವಿಡಿಯೋದಲ್ಲಿ ಹೊಳೆಯುವ ಕೈ ಕಾಣುತ್ತದೆ, ರಾತ್ರಿ ನಿದ್ದೆ ಬಂದವರು ಕಾಣುವುದಿಲ್ಲ. ನಿಮ್ಮ ಅಣ್ಣನ ನೋವು ಔಷಧಕ್ಕೆ ಬಗ್ಗದಿದ್ದರೆ ಇದರ ಬಗ್ಗೆ ವೈದ್ಯರನ್ನು ಕೇಳಿ. ಆಪರೇಷನ್ ಅಂದಮೇಲೆ ಅರಿವಳಿಕೆ, ಸೋಂಕು, ಹೊಸದಾಗಿ ಮಾಗಲು ತಿಂಗಳುಗಳು, ಎಲ್ಲವೂ ಇವೆ. ಮೊದಲ ಮೆಟ್ಟಿಲು ಅದಲ್ಲ.

ಇನ್ನು ಆ ವಿಡಿಯೋಗಳು. "ಯೋಚಿಸಿದರೆ ಸಾಕು ಕೈ ಆಡುತ್ತೆ" ಅನ್ನುವ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ. ತಲೆಬುರುಡೆ ತೆರೆದು ಮೆದುಳಿನ ಮೇಲೆ ಎಲೆಕ್ಟ್ರೋಡ್, ಅಂದರೆ ವಿದ್ಯುತ್ ಸಂಕೇತ ಹಿಡಿಯುವ ಪುಟ್ಟ ತುಣುಕು, ಕೂರಿಸುವುದು ಒಂದು. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವರ್ಷಗಟ್ಟಲೆ ಕೈಕಾಲು ಆಡದೆ ಇದ್ದ ಮಹಿಳೆಯೊಬ್ಬರು ಹಾಗೆ ರೋಬೋಟ್ ತೋಳನ್ನು ನಡೆಸಿ ತಾವೇ ಕಾಫಿ ಕುಡಿದರು. ನಿಜವಾಗಿ ನಡೆದದ್ದು, ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಅದು ಮೆದುಳಿನಿಂದ ಕೈಗೆ ಹೋಗುವ ದಾರಿಯೇ ಮುಚ್ಚಿಹೋದವರಿಗೆ. ನಿಮ್ಮ ಅಣ್ಣನಲ್ಲಿ ಆ ದಾರಿ ಮುಂಗೈವರೆಗೂ ತೆರೆದೇ ಇದೆ. ತೆರೆದಿರುವ ದಾರಿ ಬಿಟ್ಟು ತಲೆಬುರುಡೆ ತೆರೆಯುವುದಕ್ಕೆ ಕಾರಣವೇ ಇಲ್ಲ. ಅಣ್ಣ ಯಾವುದಕ್ಕೆ ಕಾಯುತ್ತಿದ್ದಾರೋ ಅದು ಅವರಂಥವರಿಗಾಗಿ ತಯಾರಾಗುತ್ತಿರುವುದೇ ಅಲ್ಲ, ಇದನ್ನು ಅವರಿಗೆ ಸಮಾಧಾನವಾಗಿ ಕೂತು ಹೇಳಿ.

ಇನ್ನೊಂದು, ಈಗಲೇ ಸಿಗುವಂಥದ್ದು. ಇದಕ್ಕೆ ಮಯೋಎಲೆಕ್ಟ್ರಿಕ್ ಕೈ ಅಂತಾರೆ. ಬೆರಳು ಆಡಿಸುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲ, ಮುಂಗೈಯಲ್ಲಿವೆ. ನಿಮ್ಮ ಎಡಗೈಯಿಂದ ಬಲ ಮುಂಗೈ ಹಿಡಿದು ಬಲಗೈ ಬೆರಳು ಮಡಚಿ ನೋಡಿ, ಒಳಗೆ ಸ್ನಾಯು ಓಡುವುದು ಗೊತ್ತಾಗುತ್ತದೆ. ಅಣ್ಣನಲ್ಲಿ ಅರ್ಧ ಮುಂಗೈ ಉಳಿದಿದೆ ಅಂದರೆ ಆ ಸ್ನಾಯುಗಳಲ್ಲಿ ಬಹಳಷ್ಟು ಉಳಿದಿವೆ. ಸ್ನಾಯು ಬಿಗಿದಾಗ ಚರ್ಮದ ಮೇಲೆ ಪುಟ್ಟ ವಿದ್ಯುತ್ ಸಂಕೇತ ಬರುತ್ತದೆ. ಎಷ್ಟು ಪುಟ್ಟದು ಅಂದರೆ ಒಂದು ವೋಲ್ಟಿನ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು, ಬಹಳ ಸಲ ಅದಕ್ಕಿಂತಲೂ ಕಡಿಮೆ. ಅದನ್ನು ಹಿಗ್ಗಿಸಿ ಮೋಟಾರಿಗೆ ಆಜ್ಞೆಯಾಗಿ ಕೊಡುತ್ತಾರೆ. ಈ ಆಲೋಚನೆ 1940ರ ದಶಕದಲ್ಲೇ ಜರ್ಮನಿಯಲ್ಲಿ ರೈನ್‌ಹೋಲ್ಡ್ ರೈಟರ್ ಅವರಿಗೆ ಬಂದಿತ್ತು, ಮಾಡಿಯೂ ತೋರಿಸಿದ್ದರು. ಆದರೆ ಆಗ ಇದ್ದದ್ದು ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳು, ಅವನ್ನು ಹೊತ್ತು ತಿರುಗುವುದು ಆಗದ ಮಾತು. ಟ್ರಾನ್ಸಿಸ್ಟರ್ ಬಂದ ಮೇಲೆ, 1960ರ ಸುಮಾರಿಗೆ, ಸೋವಿಯತ್ ಒಕ್ಕೂಟದಲ್ಲಿ ಕೊಬ್ರಿನ್ಸ್ಕಿ ತಂಡದ ಕೈ ಜನರ ಬಳಕೆಗೆ ಬಂತು. ಐದೂ ಬೆರಳು ಬೇರೆ ಬೇರೆ ಮೋಟಾರಿನಿಂದ ಆಡುವ ಕೈ ಮಾರುಕಟ್ಟೆಗೆ ಬಂದದ್ದು 2007ರಲ್ಲಿ, ಸ್ಕಾಟ್ಲೆಂಡಿನ ಐ-ಲಿಂಬ್.

ಹಾಗಾದರೆ ಐದು ಬೆರಳಿನ ಕೈಯೇ ತಗೊಳ್ಳೋಣ ಅಲ್ವಾ? ಇಲ್ಲಿ ಸ್ವಲ್ಪ ನಿಲ್ಲಿ.

ಕೈ ಐದು ಬೆರಳು ಆಡಿಸಬಲ್ಲದು, ಆದರೆ ಸಾಮಾನ್ಯವಾಗಿ ಅದಕ್ಕೆ ಆಜ್ಞೆ ಬರುವುದು ಎರಡೇ ಎಲೆಕ್ಟ್ರೋಡಿನಿಂದ. ಒಂದು ಮುಂಗೈಯ ಒಳಬದಿಗೆ, ಮುಚ್ಚಲು. ಒಂದು ಹೊರಬದಿಗೆ, ತೆರೆಯಲು. ಹಿಡಿತದ ರೀತಿ ಬದಲಾಯಿಸಬೇಕು ಅಂದರೆ, ಅಂದರೆ ಬಾಟಲಿ ಹಿಡಿಯುವ ಹಿಡಿತ ಬಿಟ್ಟು ಬೀಗದ ಕೈ ಹಿಡಿಯುವ ಹಿಡಿತ ಬೇಕು ಅಂದರೆ, ಎರಡೂ ಸ್ನಾಯು ಒಟ್ಟಿಗೆ ಬಿಗಿಯಬೇಕು, ಇಲ್ಲವೇ ಫೋನಿನಲ್ಲಿ ಒತ್ತಬೇಕು, ಇಲ್ಲವೇ ಕೈಯನ್ನು ಒಂದು ರೀತಿ ಅಲುಗಿಸಬೇಕು. ಪ್ರತಿ ಸಲವೂ ಯೋಚಿಸಿ ಮಾಡಬೇಕು. ದಿನಕ್ಕೆ ನೂರು ಸಲ ಹೀಗೆ ಮಾಡಿ ಸುಸ್ತಾಗಿ, ಎರಡೇ ಹಿಡಿತ ಇಟ್ಟುಕೊಂಡು ಉಳಿದವನ್ನು ಮರೆತವರನ್ನು ಬಹಳ ನೋಡಿದ್ದೇನೆ. ಈಗ ಹೊಸ ರೀತಿ ಬಂದಿದೆ. ಎಂಟೋ ಹೆಚ್ಚೋ ಎಲೆಕ್ಟ್ರೋಡ್ ಸುತ್ತ ಇಟ್ಟು, ಯಾವ ಚಲನೆಗೆ ಸ್ನಾಯುಗಳ ಯಾವ ಮಾದರಿ ಬರುತ್ತೆ ಅಂತ ಕಂಪ್ಯೂಟರಿಗೆ ಕಲಿಸುವುದು. ಇದು ನಿಜಕ್ಕೂ ಮುಂದಿನ ಹೆಜ್ಜೆ, ಆಡಿಸುವುದು ಸಹಜ ಅನ್ನಿಸುತ್ತದೆ. ಆದರೆ ಬೆವರು ಬಂದರೆ, ಎಲೆಕ್ಟ್ರೋಡ್ ಸ್ವಲ್ಪ ಜರುಗಿದರೆ, ಕೈ ಮೇಲೆತ್ತಿದರೆ ಮಾದರಿ ಬದಲಾಗಿ ತಪ್ಪು ಹಿಡಿತ ಬರಬಹುದು. ಮತ್ತೆ ಕಲಿಸಬೇಕು. ಕಂಪನಿಯವರು ತಣ್ಣನೆಯ ಕೋಣೆಯಲ್ಲಿ, ಮೇಜಿನ ಮುಂದೆ ಕೂತು ತೋರಿಸುತ್ತಾರೆ. ನೀವು ಕೇಳಬೇಕಾದದ್ದು ಬೆವರಿದ ಕೈಯಲ್ಲಿ, ತಲೆಗಿಂತ ಮೇಲಿನ ಅಟ್ಟಕ್ಕೆ ಕೈ ಚಾಚಿ ಏನಾದರೂ ತೆಗೆದು ತೋರಿಸಿ ಅಂತ.

ಇನ್ನೊಂದು ಕೊರತೆ ಸ್ಪರ್ಶ. ನಾವು ಜೇಬಿಗೆ ಕೈ ಹಾಕಿ ನೋಡದೆಯೇ ನಾಣ್ಯ ತೆಗೆಯುತ್ತೇವೆ. ಮೋಟಾರು ಕೈಗೆ ಅದು ಗೊತ್ತಾಗುವುದಿಲ್ಲ, ಕಣ್ಣು ಅದರ ಮೇಲೇ ಇರಬೇಕು. ಕಾಗದದ ಲೋಟ ನಜ್ಜುಗುಜ್ಜಾಗುವುದು ಇದಕ್ಕೇ. ಇದರ ಮೇಲೂ ಕೆಲಸ ನಡೆದಿದೆ. 2013ರಲ್ಲಿ ರೋಮ್‌ನಲ್ಲಿ ಒಬ್ಬರ ತೋಳಿನ ನರದೊಳಗೇ ಸಣ್ಣ ಎಲೆಕ್ಟ್ರೋಡ್ ಇಟ್ಟರು. ಕಣ್ಣು ಕಟ್ಟಿದ್ದರೂ ಅವರು ಕೃತಕ ಕೈಯಲ್ಲಿ ಹಿಡಿದ ವಸ್ತು ಮೆತ್ತಗಿದೆಯೋ ಗಟ್ಟಿಯೋ ಹೇಳಿದರು. ಆದರೆ ಪ್ರಯೋಗದ ಸುರಕ್ಷತಾ ನಿಯಮದಂತೆ ಸುಮಾರು ಒಂದು ತಿಂಗಳಿಗೆ ಅವನ್ನು ತೆಗೆಯಬೇಕಾಯಿತು. ವಿಡಿಯೋಗೂ ಅಂಗಡಿಗೂ ನಡುವೆ ಇಷ್ಟು ದೂರ ಯಾಕೆ ಅಂತ ಕೇಳುತ್ತಾರಲ್ಲ, ಕಾರಣ ಇದೇ. ಒಂದು ತಿಂಗಳು ಕೆಲಸ ಮಾಡುವುದು ಬೇರೆ. ದೇಹದೊಳಗೆ ಇಪ್ಪತ್ತು ವರ್ಷ ಕಾಲಕಾಲಕ್ಕೆ ಕೆಡದೆ, ನರಕ್ಕೆ ಪೆಟ್ಟಾಗದೆ ಇರುವುದು ಬೇರೆ. ಎರಡನೆಯದನ್ನು ತಿಳಿಯಲು ಕಾದು ನೋಡುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ತೂಕದ ಮಾತೂ ಬರುತ್ತದೆ. ಮೋಟಾರು ಕೈ ಸುಮಾರು ಅರ್ಧ ಕಿಲೋ ಅಂದುಕೊಳ್ಳಿ, ನಮ್ಮ ಕೈಯ ತೂಕಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಆದರೂ ಅದು ಭಾರ ಅನ್ನಿಸುತ್ತದೆ. ನಮ್ಮ ಕೈ ಮೂಳೆಗೆ ಅಂಟಿದೆ, ಇದು ಚರ್ಮದ ಮೇಲೆ ತೊಟ್ಟ ಸಾಕೆಟ್ಟಿಗೆ ನೇತಾಡುತ್ತದೆ.

ಸಾಕೆಟ್ ಅಂದೆನಲ್ಲ, ಉಳಿದ ಕೈಗೆ ತೊಡುವ ಗಟ್ಟಿ ತೊಡಿಕೆ ಅದು. ಇಡೀ ಪತ್ರದಲ್ಲಿ ನೀವು ಇದರ ಬಗ್ಗೆ ಕೇಳಲಿಲ್ಲ, ಯಾರೂ ಕೇಳುವುದಿಲ್ಲ. ನನಗೆ ಮಾತ್ರ ಎಲ್ಲಕ್ಕಿಂತ ದೊಡ್ಡದು ಇದೇ. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಬ್ಬ ಹುಡುಗನಿಗೆ ಆಗ ಸಿಗುತ್ತಿದ್ದ ಅತಿ ಒಳ್ಳೆಯ ಕೈ ಕೂರಿಸಿದ್ದೆವು. ತಂದೆತಾಯಿ ಉಳಿತಾಯ ಎಲ್ಲ ಹಾಕಿದ್ದರು. ನಾಲ್ಕು ತಿಂಗಳ ನಂತರ ಅವನು ಬರಿಗೈಯಲ್ಲಿ ಬಂದ. ಕೈ ಎಲ್ಲಿ ಅಂದರೆ ಪೆಟ್ಟಿಗೆಯಲ್ಲಿದೆ ಅಂದ. ಸಾಕೆಟ್ ಬಿಚ್ಚಿದ ಜಾಗ ನೋಡಿದೆ, ಮೊಣಕೈ ಮೂಳೆಯ ಮೇಲೆ ಹುಣ್ಣಾಗಿತ್ತು. ಅಪಘಾತದ ನಂತರದ ತಿಂಗಳುಗಳಲ್ಲಿ ಉಳಿದ ಕೈ ಊತ ಇಳಿದು, ಸ್ನಾಯು ಕರಗಿ ಸಣ್ಣಗಾಗುತ್ತದೆ. ಅವನ ಕೈ ಸಣ್ಣಗಾಗಿತ್ತು, ಸಾಕೆಟ್ ಹಾಗೇ ಇತ್ತು, ಎಲೆಕ್ಟ್ರೋಡ್ ಚರ್ಮಕ್ಕೆ ತಾಗದೆ ಕೈ ತನ್ನಷ್ಟಕ್ಕೆ ತೆರೆಯುತ್ತಿತ್ತು. ತಪ್ಪು ನಮ್ಮದು. ಬೆರಳುಗಳ ಮೇಲೆ ಅಷ್ಟು ಗಮನ ಕೊಟ್ಟು, ಆರು ವಾರಕ್ಕೊಮ್ಮೆ ಬಂದು ಸಾಕೆಟ್ ತೋರಿಸು ಅಂತ ಒತ್ತಿ ಹೇಳಿರಲಿಲ್ಲ. ಹೊಸ ಸಾಕೆಟ್ ಮಾಡಿಕೊಟ್ಟೆವು, ಆದರೆ ಅವನ ನಂಬಿಕೆ ವಾಪಸ್ ಬರಲು ವರ್ಷ ಹಿಡಿಯಿತು.

ಕೈ ಬಿಟ್ಟುಬಿಡುವವರು ಕಡಿಮೆ ಏನಲ್ಲ. 2007ರಲ್ಲಿ ಬಿಡ್ಡಿಸ್ ಮತ್ತು ಚೌ ಎಂಬ ಇಬ್ಬರು ಸಂಶೋಧಕರು ಅದಕ್ಕೆ ಹಿಂದಿನ 25 ವರ್ಷಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದ್ದರು. ದೊಡ್ಡವರಲ್ಲಿ ಮೋಟಾರು ಕೈ ಬಿಟ್ಟವರು ಸರಾಸರಿ 23%, ಭುಜಕ್ಕೆ ಕಟ್ಟಿದ ಕೇಬಲ್ ಎಳೆದು ಆಡಿಸುವ ಕೈ ಬಿಟ್ಟವರು 26%. ಅಂಕಿ ಹಳೆಯದಾಯಿತು, ಆದರೆ ಆ ಎರಡು ಅಂಕಿಗಳು ಎಷ್ಟು ಹತ್ತಿರ ಇವೆ ನೋಡಿ. ದುಬಾರಿ ಕೈ ಅಂದಮಾತ್ರಕ್ಕೆ ಜನ ಹಾಕಿಕೊಳ್ಳುತ್ತಾರೆ ಅಂತೇನಿಲ್ಲ. 2016ರಲ್ಲಿ ಜ್ಯೂರಿಕ್‌ನಲ್ಲಿ ಸೈಬಥ್ಲಾನ್ ಅಂತ ಒಂದು ಸ್ಪರ್ಧೆ ನಡೆಯಿತು, ಅಂಗವೈಕಲ್ಯ ಇರುವವರು ತಂತ್ರಜ್ಞಾನದ ನೆರವಿನಿಂದ ದಿನನಿತ್ಯದ ಕೆಲಸಗಳನ್ನು ವೇಗವಾಗಿ ಮಾಡಿ ತೋರಿಸುವ ಸ್ಪರ್ಧೆ. ಕೃತಕ ಕೈಗಳ ವಿಭಾಗದಲ್ಲಿ ಗೆದ್ದವರು ಮೋಟಾರೇ ಇಲ್ಲದ, ಭುಜದ ಎಳೆತದಿಂದ ಆಡುವ ಕೈ ಹಾಕಿದ್ದರು. ಕೇಬಲ್ ಎಳೆದಾಗ ಎಷ್ಟು ಬಿಗಿ ಹಿಡಿದಿದ್ದೇನೆ ಅನ್ನುವುದು ಭುಜಕ್ಕೆ ಗೊತ್ತಾಗುತ್ತದೆ. ಆ ಸಣ್ಣ ಸುಳಿವು ಎಷ್ಟೋ ಮೋಟಾರಿಗೆ ಸಮ.

ಅಪ್ಪನ ಮಾತಿಗೆ ಈಗ ಬರುತ್ತೇನೆ, ಯಾಕೆಂದರೆ ಮೇಲಿನದೆಲ್ಲ ಓದಿದರೆ ಅವರು "ನೋಡಿದ್ಯಾ, ನಾನು ಹೇಳಿದ್ದೇ ಸರಿ" ಅನ್ನಬಹುದು. ಅವರ ಮಾತಿನ ಒಂದು ಭಾಗ ನಿಜ. ಕೃತಕ ಅಂಗ ಅಥವಾ ಆಧಾರ ಪಟ್ಟಿಗಳು ಬೇಕಾದವರು ಜಗತ್ತಿನಲ್ಲಿ 3.5ರಿಂದ 4 ಕೋಟಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅದರಲ್ಲಿ ಹತ್ತರಲ್ಲಿ ಒಬ್ಬರಿಗೆ ಮಾತ್ರ ಅವು ಸಿಗುತ್ತಿವೆ. ಇದು ನನಗೆ ಪ್ರತಿದಿನ ನೋವು ಕೊಡುವ ಅಂಕಿ. ಆದರೆ ಸಂಶೋಧನೆಯಿಂದ ಏನೂ ಬರುವುದಿಲ್ಲ ಅನ್ನುವುದನ್ನು ಒಪ್ಪಲಾರೆ. ಬರುತ್ತದೆ. ಯಾವ ಬಾಗಿಲಿಂದ ಬರುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ ಅಷ್ಟೇ.

ನೀವು ಕೇಳಿದ ಮೂಳೆಗೆ ಲೋಹ ಸೇರಿಸುವ ಆಪರೇಷನ್ನನ್ನೇ ತಗೊಳ್ಳಿ. 1952ರಲ್ಲಿ ಸ್ವೀಡನ್ನಿನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುತ್ತಿದ್ದರು. ಅದಕ್ಕೆ ಟೈಟಾನಿಯಂನ ಒಂದು ಪುಟ್ಟ ಸಾಧನ ಮೂಳೆಗೆ ಕೂರಿಸಿದ್ದರು. ಪ್ರಯೋಗ ಮುಗಿಸಿ ತೆಗೆಯಲು ಹೋದರೆ ಅದು ಬರಲೇ ಇಲ್ಲ, ಮೂಳೆ ಅದನ್ನು ಹಿಡಿದುಕೊಂಡುಬಿಟ್ಟಿತ್ತು. ಆಗ ಯಾರಾದರೂ "ಮೊಲದ ಮೂಳೆ ನೋಡಿ ಯಾರಿಗೇನು ಉಪಯೋಗ" ಅಂತ ಕೇಳಿದ್ದರೆ ಅವರ ಹತ್ತಿರ ಉತ್ತರ ಇರುತ್ತಿರಲಿಲ್ಲ. 1965ರಲ್ಲಿ ಅದೇ ತಿಳಿವಳಿಕೆಯಿಂದ ಮನುಷ್ಯರಿಗೆ ಹಲ್ಲು ಕೂರಿಸಿದರು. ಇವತ್ತು ಜಗತ್ತಿನ ಎಲ್ಲ ಕಡೆ ದಂತವೈದ್ಯರು ಹಾಕುವ ಇಂಪ್ಲಾಂಟ್ ಅದೇ. 1990ರಲ್ಲಿ ಸ್ವೀಡನ್ನಿನಲ್ಲೇ ತೊಡೆಮೂಳೆಗೆ ಹಾಗೇ ಕೃತಕ ಕಾಲು ಸೇರಿಸಿದರು. ಮೊಲದಿಂದ ಕಾಲಿಗೆ 38 ವರ್ಷ.

ನಿಮ್ಮ ಅಣ್ಣನಿಗೆ ತೋರಿಸಿದ ಆ ಕೈಯನ್ನು ಬಿಚ್ಚಿ ನೋಡಿದರೂ ಇದೇ ಕಥೆ. ಬೆರಳಿನೊಳಗೆ ಹಿಡಿಸುವಷ್ಟು ಸಣ್ಣ ಮೋಟಾರು ಸಾಧ್ಯವಾದದ್ದು 1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಅಯಸ್ಕಾಂತದಿಂದ. ಬ್ಯಾಟರಿ ಲಿಥಿಯಂ-ಅಯಾನ್, 1991ರಲ್ಲಿ ಮಾರುಕಟ್ಟೆಗೆ ಬಂದು ಕ್ಯಾಮೆರಾ, ಫೋನುಗಳಿಂದಾಗಿ ಅಗ್ಗವಾದದ್ದು. ಇವನ್ನು ಕಂಡುಹಿಡಿದವರ ತಲೆಯಲ್ಲಿ ಕೈ ಕಳೆದುಕೊಂಡವರು ಇರಲಿಲ್ಲ. 1997ರಲ್ಲಿ ಬಂದ, ಕಂಪ್ಯೂಟರ್ ಚಿಪ್ ಇರುವ ಸಿ-ಲೆಗ್ ಅನ್ನುವ ಕೃತಕ ಮಂಡಿಯನ್ನು ನೋಡಿ. ಹೆಜ್ಜೆಯ ಮಧ್ಯೆ ಎಡವಿದರೆ ಅದು ತಕ್ಷಣ ಗೊತ್ತುಮಾಡಿಕೊಂಡು ಮಂಡಿಯನ್ನು ಬಿಗಿ ಮಾಡುತ್ತದೆ. ಅದನ್ನು ಹಾಕಿದವರು ಬೀಳುವುದು ಕಡಿಮೆಯಾಗಿದೆ. ಬೀಳದೆ ಉಳಿದದ್ದು ಸುದ್ದಿಯಾಗುವುದಿಲ್ಲ, ಆದರೆ ಮೆಟ್ಟಿಲಿನ ಮೇಲೆ ಮಗು ಎತ್ತಿಕೊಂಡು ಇಳಿಯುವ ಅಪ್ಪನಿಗೆ ಅದರ ಬೆಲೆ ಗೊತ್ತು.

ಈಗ ನಿಮ್ಮ ಮುಂದಿರುವ ದಾರಿಗಳು.

ಕೇಬಲ್ಲಿನಿಂದ ಆಡುವ ಕೈ ಅಥವಾ ಕೊಕ್ಕೆ. ನೋಡಲು ಚೆನ್ನಾಗಿಲ್ಲ ಅಂತ ಎಲ್ಲರೂ ಮೊದಲು ತಳ್ಳಿಹಾಕುವುದು ಇದನ್ನೇ. ಆದರೆ ನೀರು, ಧೂಳು, ಎಣ್ಣೆಗೆ ಹೆದರುವುದಿಲ್ಲ, ಚಾರ್ಜ್ ಬೇಡ, ಕೆಟ್ಟರೆ ರಿಪೇರಿ ಸುಲಭ, ಬೆಲೆ ಬಹಳ ಕಡಿಮೆ. ಭುಜಕ್ಕೆ ಪಟ್ಟಿ ಬಿಗಿಯುತ್ತದೆ, ಕಂಕುಳು ಉಜ್ಜುತ್ತದೆ, ವರ್ಷಗಟ್ಟಲೆ ಎಳೆದರೆ ಭುಜ ನೋಯಬಹುದು.

ಸಾದಾ ಮಯೋಎಲೆಕ್ಟ್ರಿಕ್ ಕೈ, ಅಂದರೆ ಹೆಬ್ಬೆರಳು ಮತ್ತು ಎರಡು ಬೆರಳು ಒಟ್ಟಿಗೆ ಮುಚ್ಚಿ ತೆರೆಯುವಂಥದ್ದು. ಒಂದೇ ಹಿಡಿತ, ಆದರೆ ಗಟ್ಟಿ ಹಿಡಿತ, ಬೇಗ ಕಲಿಯಬಹುದು. ಮುಂಗೈ ಅರ್ಧ ಇರುವವರಿಗೆ ಭುಜದ ಪಟ್ಟಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನೀರಿನಿಂದ ದೂರ ಇಡಬೇಕು, ಬ್ಯಾಟರಿ ನೋಡಿಕೊಳ್ಳಬೇಕು. ಅಣ್ಣನ ವಯಸ್ಸು, ಉಳಿದ ಮುಂಗೈ ನೋಡಿದರೆ ನಾನು ಮೊದಲು ಪ್ರಯತ್ನಿಸಿ ನೋಡುವುದು ಇದನ್ನೇ, ಜೊತೆಗೆ ಒರಟು ಕೆಲಸಕ್ಕೆ ಒಂದು ಕೊಕ್ಕೆ.

ಐದು ಬೆರಳಿನದು. ಮೇಲೆ ಎಲ್ಲ ಹೇಳಿದ್ದೇನೆ. ಬೆರಳುಗಳು ಸೂಕ್ಷ್ಮ, ರಿಪೇರಿಗೆ ವಾರಗಟ್ಟಲೆ ಕಳಿಸಬೇಕಾಗಬಹುದು, ಆ ವಾರಗಳಲ್ಲಿ ಬದಲಿ ಕೈ ಕೊಡುತ್ತಾರಾ ಅಂತ ಬರಹದಲ್ಲಿ ಕೇಳಿ. ಹಾಗಂತ ಬೇಡವೇ ಬೇಡ ಅನ್ನುವುದಿಲ್ಲ. ಜನರ ಮುಂದೆ ಕೈ ನಮ್ಮ ಕೈಯ ಹಾಗೇ ಆಡುವುದು ಕೆಲವರಿಗೆ ಬದುಕನ್ನೇ ವಾಪಸ್ ಕೊಟ್ಟಿದೆ. ಅದು ಸಣ್ಣ ವಿಷಯ ಅಲ್ಲ. ಆದರೆ ಸಾದಾ ಕೈಯನ್ನು ಆರು ತಿಂಗಳು ದಿನಾ ಹಾಕಿದವರು ಆಮೇಲೆ ಇದಕ್ಕೆ ಹೋದರೆ ಏನು ಬೇಕು ಅಂತ ಅವರಿಗೇ ಗೊತ್ತಿರುತ್ತದೆ. ಸಾಲ ಮಾಡಿ ಮೊದಲ ಕೈಯಾಗಿ ಇದನ್ನು ತರುವುದಕ್ಕೆ ನಾನು ಹೂಂ ಅನ್ನುವುದಿಲ್ಲ.

ಮೂರು ಆಯಾಮದ ಪ್ರಿಂಟರಿನಲ್ಲಿ ಮಾಡಿದ ಅಗ್ಗದ ಕೈಗಳನ್ನೂ ಯಾರಾದರೂ ಹೇಳಬಹುದು. ಬೆಳೆಯುವ ಮಕ್ಕಳಿಗೆ, ಒಂದು ನಿರ್ದಿಷ್ಟ ಕೆಲಸಕ್ಕೆ ಸರಿ. ದಿನವಿಡೀ ದುಡಿಯುವ ದೊಡ್ಡವರಿಗೆ ಹಿಡಿತದ ಬಲ ಸಾಲದು, ಪ್ಲಾಸ್ಟಿಕ್ ಸೀಳುತ್ತದೆ.

ಮೂಳೆಗೆ ಲೋಹ ಸೇರಿಸುವುದು. ಸಾಕೆಟ್ಟೇ ಇಲ್ಲ, ಹುಣ್ಣಿಲ್ಲ, ನೆಲ ಅಥವಾ ಮೇಜು ತಾಗಿದ ಅದುರು ಮೂಳೆಯ ಮೂಲಕ ಗೊತ್ತಾಗುತ್ತದೆ. ಸಾಕೆಟ್ ಯಾವ ರೀತಿಯಲ್ಲೂ ಹೊಂದದವರಿಗೆ, ಮುಖ್ಯವಾಗಿ ತೊಡೆಯಿಂದ ಅಥವಾ ಮೊಣಕೈಗಿಂತ ಮೇಲೆ ಕಳೆದುಕೊಂಡವರಿಗೆ ಇದು ದೊಡ್ಡ ವರ. ಆದರೆ ಲೋಹ ಚರ್ಮ ತೂರಿ ಹೊರಗೆ ಬರುತ್ತದೆ, ಆ ತೂತು ಬದುಕಿರುವವರೆಗೂ ಮುಚ್ಚುವುದಿಲ್ಲ. ಅಲ್ಲಿ ಸೋಂಕು ಮತ್ತೆ ಮತ್ತೆ ಬರಬಹುದು. ಅಪರೂಪಕ್ಕೆ ಅದು ಮೂಳೆಯೊಳಗೆ ಇಳಿಯಬಹುದು, ಇಂಪ್ಲಾಂಟ್ ಸಡಿಲವಾಗಬಹುದು, ಬಿದ್ದರೆ ಮೂಳೆ ಮುರಿಯಬಹುದು. ನಿಮ್ಮ ಅಣ್ಣ ಇನ್ನೂ ಒಂದು ಸಾಕೆಟ್ಟನ್ನೂ ಹಾಕಿ ನೋಡಿಲ್ಲ. ಈಗಲೇ ಅಲ್ಲಿಗೆ ಹಾರುವುದು ಬೇಡ. ಮುಂದೆ ಬೇಕಾದರೆ ಆ ದಾರಿ ಇದ್ದೇ ಇರುತ್ತದೆ.

ಮುಂದೊಂದು ದಿನ ಯಾರಾದರೂ ಹೊಸ ಪ್ರಯೋಗಕ್ಕೆ ಸೇರಿಕೊಳ್ಳಿ ಅಂತ ಕೇಳಿದರೆ ಹೆದರಬೇಡಿ, ಕುರುಡಾಗಿ ಹೂಂ ಅನ್ನಲೂಬೇಡಿ. ನೈತಿಕ ಸಮಿತಿಯ ಒಪ್ಪಿಗೆ ಪತ್ರ ತೋರಿಸಿ ಅನ್ನಿ. ಪ್ರಯೋಗ ಮುಗಿದ ಮೇಲೆ ಕೈ ಯಾರದ್ದು, ಒಳಗಿಟ್ಟದ್ದನ್ನು ತೆಗೆಯುವ ಖರ್ಚು ಯಾರದ್ದು, ಕಂಪನಿ ಮುಚ್ಚಿದರೆ ಏನು, ಕೇಳಿ. ಪ್ರಯೋಗಕ್ಕೆ ಸೇರಲು ಹಣ ಕೇಳಿದರೆ ಎದ್ದು ಬನ್ನಿ.

ಕಾಯುವುದರ ಬಗ್ಗೆ ಕೊನೆಯ ಒಂದು ವಿಷಯ. ಏನೂ ಹಾಕದೆ ಇದ್ದಷ್ಟೂ ದಿನ ಎಡಗೈ ಎಲ್ಲ ಕೆಲಸ ಕಲಿತುಬಿಡುತ್ತದೆ, ಬಲಗೈಯ ಸ್ನಾಯು ಕರಗುತ್ತದೆ. ಆಮೇಲೆ ಕೃತಕ ಕೈ ಅಂದರೆ ಅಡ್ಡಿ ಅನ್ನಿಸುತ್ತದೆ. ಬೇಗ ಹಾಕಿದವರು ಉಳಿಸಿಕೊಳ್ಳುತ್ತಾರೆ ಅನ್ನುವುದು ಈ ಕೆಲಸದಲ್ಲಿರುವ ಎಲ್ಲರ ಅನುಭವ. ಏಳು ತಿಂಗಳು ಆಗಿದೆ, ಕಾಲ ಮೀರಿಲ್ಲ, ಆದರೆ ಇನ್ನು ತಡ ಬೇಡ. ಎಡಗೈ ಒಂದರ ಮೇಲೇ ಭಾರ ಹಾಕಿದರೆ ಕೆಲವು ವರ್ಷಕ್ಕೆ ಆ ಭುಜ, ಮಣಿಕಟ್ಟು ನೋಯಲು ಶುರುವಾಗುತ್ತದೆ, ಇರುವ ಒಂದು ಕೈಯನ್ನು ಕಾಪಾಡಿಕೊಳ್ಳುವುದೂ ನಮ್ಮ ಕೆಲಸ. ಇನ್ನು ಐದು ವರ್ಷಕ್ಕೆ ನಿಜವಾಗಿ ಒಳ್ಳೆಯ ಕೈ ಬಂದರೂ, ಅದು ಕೇಳುವುದು ಇದೇ ಮುಂಗೈಯ ಸ್ನಾಯುಗಳ ಮಾತನ್ನೇ. ಈಗಿನಿಂದ ಅವನ್ನು ದುಡಿಸಿದವರಿಗೆ ಅದು ಸುಲಭವಾಗಿ ಒಲಿಯುತ್ತದೆ.

ಹಾಗಾಗಿ ಈ ವಾರ ಹೀಗೆ ಮಾಡಿ. ಅಣ್ಣನ ಜೊತೆ ಕೂತು, ಎರಡು ಕೈ ಬೇಕೇ ಬೇಕು ಅನ್ನಿಸುವ ಹತ್ತು ಕೆಲಸ ಬರೆಸಿ. ಕೆಲಸದ ಜಾಗದ್ದು, ಮನೆಯದ್ದು, ಅವರು ಇಷ್ಟಪಟ್ಟು ಮಾಡುತ್ತಿದ್ದದ್ದು. ಪಟ್ಟಿಯನ್ನು ನೀವು ಬರೆಯಬೇಡಿ, ಅವರೇ ಎಡಗೈಯಲ್ಲಿ ಬರೆಯಲಿ. ನೋವಿನ ಬಗ್ಗೆ ಪುನರ್ವಸತಿ ವೈದ್ಯರನ್ನು ನೋಡಿ. ಉಳಿದ ಕೈಗೆ ಎಲಾಸ್ಟಿಕ್ ಪಟ್ಟಿ ಸರಿಯಾಗಿ ಕಟ್ಟುವುದು ಹೇಗೆ ಅಂತ ಕೇಳಿ, ಆಕಾರ ನಿಂತರೆ ಸಾಕೆಟ್ ಹೊಂದುತ್ತದೆ. ಚರ್ಮದ ಮೇಲೆ ಎಲೆಕ್ಟ್ರೋಡ್ ಇಟ್ಟು ಸ್ನಾಯುವಿನ ಸಂಕೇತ ಅಳೆಯುವ ಪರೀಕ್ಷೆ ಮಾಡಿಸಿ, ಇದರಲ್ಲಿ ನೋವೇನೂ ಇಲ್ಲ. ತೆರೆಯುವುದು, ಮುಚ್ಚುವುದು ಎರಡೂ ಬೇರೆ ಬೇರೆಯಾಗಿ ಪರದೆಯ ಮೇಲೆ ಕಾಣುವವರೆಗೆ ಯಾವ ಕಂಪನಿಗೂ ಮುಂಗಡ ಕೊಡಬೇಡಿ. ಆಮೇಲೆ ಆ ಹತ್ತು ಕೆಲಸಗಳ ಪಟ್ಟಿಯನ್ನು ಹಿಡಿದುಕೊಂಡು ಕಂಪನಿಗೆ ಹೋಗಿ, ಪ್ರಯೋಗಕ್ಕೆ ಒಂದು ತಾತ್ಕಾಲಿಕ ಸಾಕೆಟ್ಟಿನಲ್ಲಿ ಕೆಲವು ವಾರ ಕೈ ಕೊಡಿ, ಇದರಲ್ಲಿ ಎಷ್ಟು ಕೆಲಸ ಆಗುತ್ತೆ ನೋಡುತ್ತೇವೆ ಅನ್ನಿ. ಕೊಡುವುದಿಲ್ಲ ಅಂದರೆ ಬೇರೆ ಕಡೆ ಕೇಳಿ. ಆ ವಾರಗಳಲ್ಲಿ ದಿನಕ್ಕೆ ಎಷ್ಟು ಗಂಟೆ ಹಾಕಿದರು, ಎಲ್ಲಿ ಉಜ್ಜಿತು, ಯಾವಾಗ ಸಿಟ್ಟು ಬಂದು ಬಿಚ್ಚಿಟ್ಟರು, ಒಂದು ಪುಸ್ತಕದಲ್ಲಿ ಬರೆದಿಡಿ. ಅದನ್ನು ನನಗೆ ಕಳಿಸಿ, ಪಟ್ಟಿಯ ಜೊತೆಗೆ. ಯಾವ ಕೈ ಅನ್ನುವ ಮಾತನ್ನು ಆಗ ಮುಂದುವರಿಸೋಣ.